ವಜಾ ಪತ್ರಕ್ಕೆ ಸಹಿ ಬೀಳುವ ಮುನ್ನ: ಮಾಲೀಕರಿಗೂ ಹಿರಿಯ ಅಧಿಕಾರಿಗಳಿಗೂ ಸಲಹೆ ಕೊಡುವ ವಕೀಲರ ಕೆಲಸದ ಸಮಗ್ರ ಮಾರ್ಗದರ್ಶಿ

ದಾವಣಗೆರೆಯಂಥ ಊರಿನಲ್ಲಿ ಉದ್ಯೋಗ ಕಾನೂನಿನ ವಕೀಲಿಕೆ ಮಾಡುವವರ ಬಳಿಗೆ ಕಕ್ಷಿದಾರರು ಬರುವುದು ಬಹುಪಾಲು ಒಂದು ದಿನ ತಡವಾಗಿಯೇ. ಅಷ್ಟರಲ್ಲಿ ನೌಕರನಿಗೆ ವಾಟ್ಸ್‌ಆಪ್‌ನಲ್ಲಿ "ನಾಳೆಯಿಂದ ಬರಬೇಡಿ" ಎಂದು ಕಳಿಸಿ ಆಗಿರುತ್ತದೆ, ಇಲ್ಲವೆ ಮ್ಯಾನೇಜರು ಕೋಪದಲ್ಲಿ ರಾಜೀನಾಮೆ ಬರೆದುಕೊಟ್ಟು ಎದ್ದು ಬಂದಿರುತ್ತಾರೆ. ನಮ್ಮ ಕೆಲಸದ ಮುಕ್ಕಾಲು ಭಾಗ ಇರುವುದು ಆ ಪತ್ರ ಹೊರಡುವ ಹಿಂದಿನ ದಿನದಲ್ಲಿ. ಉಳಿದ ಕಾಲು ಭಾಗಕ್ಕೆ ಮಾತ್ರ ನ್ಯಾಯಾಲಯ ಬೇಕಾಗುತ್ತದೆ. ಹತ್ತಿ ಗಿರಣಿಗಳ ಕಾಲದಲ್ಲಿ ಈ ಊರಿನ ಕಾರ್ಮಿಕ ವ್ಯಾಜ್ಯವೆಂದರೆ ಒಂದು ಕಡೆ ಗಿರಣಿ, ಇನ್ನೊಂದು ಕಡೆ ಯೂನಿಯನ್ ಎಂದು ಗೆರೆ ಎಳೆದಂತೆ ಇರುತ್ತಿತ್ತು. ಇಂದು ಅಕ್ಕಿ ಗಿರಣಿ, ಖಾಸಗಿ ಕಾಲೇಜು, ಆಸ್ಪತ್ರೆ, ವಾಹನ ಶೋರೂಂ, ಚಳ್ಳಕೆರೆಯ ಎಣ್ಣೆ ಗಿರಣಿ ಎಲ್ಲವೂ ಬಾಗಿಲಿಗೆ ಬರುತ್ತವೆ, ಮತ್ತು ಬರುವವರಲ್ಲಿ ಮಾಲೀಕರಷ್ಟೇ ಸಂಬಳದ ಅಧಿಕಾರಿಗಳೂ ಇದ್ದಾರೆ. ಈ ಶಾಖೆಗೆ ಬರಬೇಕೆಂದಿರುವ ಕಿರಿಯ ವಕೀಲರಿಗಾಗಿ, ಕೆಲಸ ಯಾವ ಕ್ರಮದಲ್ಲಿ ಸಾಗಬೇಕೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ನೀವು ಯಾರ ವಕೀಲರೆಂದು ಬರೆದಿಟ್ಟುಕೊಳ್ಳಿ

ಸಣ್ಣ ಊರಿನ ತೊಡಕು ಇಲ್ಲಿಯೇ ಆರಂಭವಾಗುತ್ತದೆ. ಕಂಪನಿಯ ಪರವಾಗಿ ಬಂದ ವ್ಯವಸ್ಥಾಪಕ ನಿರ್ದೇಶಕರು ಮಾತಿನ ನಡುವೆ ತಮ್ಮ ಸ್ವಂತ ಒಪ್ಪಂದದ ಬಗ್ಗೆಯೂ ಒಂದು ಮಾತು ಕೇಳುತ್ತಾರೆ. ಅದಕ್ಕೆ ನೀವು ಉತ್ತರ ಕೊಟ್ಟರೆ ಮುಂದೆ ಅವರಿಗೂ ಕಂಪನಿಗೂ ಜಗಳವಾದಾಗ ಎರಡೂ ಕಡೆ ನಿಲ್ಲಲಾಗದ ಸ್ಥಿತಿ ಬರುತ್ತದೆ. ಒಂದು ವಿಷಯದಲ್ಲಿ ಒಬ್ಬರಿಗೆ ಸಲಹೆ ಕೊಟ್ಟ ಅಥವಾ ಅವರ ಪರ ನಡೆದುಕೊಂಡ ವಕೀಲರು ಅದೇ ವಿಷಯದಲ್ಲಿ ಎದುರು ಪಕ್ಷದ ಪರ ವಕಾಲತ್ತು ವಹಿಸಬಾರದೆಂದು ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮ ಹೇಳುತ್ತದೆ. ಆದ್ದರಿಂದ ಮೊದಲ ಭೇಟಿಯ ದಿನವೇ ಕಕ್ಷಿದಾರ ಕಂಪನಿಯೋ, ಪಾಲುದಾರರಲ್ಲಿ ಒಬ್ಬರೋ, ಅಧಿಕಾರಿಯೋ ಎಂಬುದನ್ನು ಒಂದು ಪುಟದ ಪತ್ರದಲ್ಲಿ ಸ್ಪಷ್ಟಪಡಿಸಿ ಸಹಿ ಪಡೆಯಿರಿ. ಮದುವೆ ಮನೆಯಲ್ಲಿ ಪಕ್ಕ ಕುಳಿತು ಊಟದ ನಡುವೆ ಕೇಳುವ ಸಲಹೆಗೂ ಈ ನಿಯಮ ಅನ್ವಯಿಸುತ್ತದೆ ಎಂಬುದನ್ನು ನಾನು ತಡವಾಗಿ ಕಲಿತೆ.

ಕಡತ ತೆರೆಯುವಾಗಲೇ ಕೆಲಸದ ಸ್ಥಳ ಯಾವ ಜಿಲ್ಲೆಯಲ್ಲಿದೆ ಎಂದೂ ಕೇಳಿ. ಹರಿಹರದ ಕಾರ್ಖಾನೆ ದಾವಣಗೆರೆ ಜಿಲ್ಲೆಗೆ ಸೇರಿದರೆ, ತುಂಗಭದ್ರೆಯ ಸೇತುವೆ ದಾಟಿದೊಡನೆ ಸಿಗುವ ಕುಮಾರಪಟ್ಟಣ ಹಾವೇರಿ ಜಿಲ್ಲೆಯದು. ಹೈಕೋರ್ಟಿಗೆ ಹೋಗಬೇಕಾದರೆ ಮೊದಲನೆಯದರ ರಿಟ್ ಅರ್ಜಿ ಬೆಂಗಳೂರಿನ ಪ್ರಧಾನ ಪೀಠಕ್ಕೆ, ಎರಡನೆಯದರದು ಧಾರವಾಡ ಪೀಠಕ್ಕೆ ಹೋಗುತ್ತದೆ.

ಎರಡನೆಯ ಹೆಜ್ಜೆ: ಕಾನೂನಿನ ಕಣ್ಣಿನಲ್ಲಿ ಈ ವ್ಯಕ್ತಿ ಯಾರು

ಈ ವಕೀಲಿಕೆಯಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆಯಿಲ್ಲ. 1947ರ ಕೈಗಾರಿಕಾ ವಿವಾದ ಕಾಯಿದೆಯ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಬಂದಿದೆ. ಅದಕ್ಕೂ ಹಿಂದಿನ ಘಟನೆಗಳ ವ್ಯಾಜ್ಯಗಳು ಇನ್ನೂ ನಡೆಯುತ್ತಿರುವುದರಿಂದ ಹಳೆಯ ಪುಸ್ತಕವನ್ನು ಅಟ್ಟಕ್ಕೆ ಹಾಕುವಂತಿಲ್ಲ. ಎರಡರಲ್ಲೂ ತಳಹದಿ ಒಂದೇ: ಮುಖ್ಯವಾಗಿ ಆಡಳಿತದ ಕೆಲಸ ಮಾಡುವವರು "ಕಾರ್ಮಿಕ"ರಲ್ಲ, ಮೇಲ್ವಿಚಾರಣೆಯ ಕೆಲಸ ಮಾಡುವವರು ನಿಗದಿತ ಸಂಬಳ ಮೀರಿದ್ದರೆ ಕಾರ್ಮಿಕರಲ್ಲ. ಹಳೆಯ ಕಾಯಿದೆಯಲ್ಲಿ ಆ ಮಿತಿ ತಿಂಗಳಿಗೆ 10,000 ರೂಪಾಯಿ ಇತ್ತು, ಸಂಹಿತೆಯಲ್ಲಿ 18,000 ಆಗಿದೆ. ಆದರೆ ಮೇಲ್ವಿಚಾರಣೆಯನ್ನೇ ಮಾಡದ ವ್ಯಕ್ತಿಗೆ ಈ ಮಿತಿ ಸಂಬಂಧಿಸುವುದೇ ಇಲ್ಲ. ಕೈಯಿಂದ, ಕೌಶಲದಿಂದ, ಅಥವಾ ಗುಮಾಸ್ತಿಕೆಯಿಂದ ದುಡಿಯುವವನು ಲಕ್ಷ ರೂಪಾಯಿ ಪಡೆದರೂ ಕಾರ್ಮಿಕನೇ.

ಒಂದು ಅಕ್ಕಿ ಗಿರಣಿಯ ಪ್ರಸಂಗವನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ನೇಮಕಾತಿ ಆದೇಶದಲ್ಲಿ "ಆಪರೇಷನ್ಸ್ ಮ್ಯಾನೇಜರ್" ಎಂದಿತ್ತು, ಸಂಬಳ 32,000. ಮಾಲೀಕರು ಒಂದು ತಿಂಗಳ ಸಂಬಳ ಕೈಗಿಟ್ಟು ಕಳಿಸಿದ್ದರು. "ಅವ್ರು ಕಾರ್ಮಿಕರಲ್ಲ ಸರ್, ಮ್ಯಾನೇಜರ್ರು, ಕೋರ್ಟಿಗೆ ಹೋಗಾಕ ಬರಲ್ಲ" ಎಂದು ಅವರು ಹೇಳಿದಾಗ ನಾನು ಮೂರು ವರ್ಷಗಳ ಕಾಗದ ತರಿಸಿದೆ. ಬಂದದ್ದು ತೂಕದ ಚೀಟಿಗಳ ಕಟ್ಟುಗಳು, ಲಾರಿ ಬಂದು ಹೋದ ಪುಸ್ತಕ, ಹಮಾಲರ ಎಣಿಕೆಯ ಚೀಟಿಗಳು. ಎಲ್ಲದರಲ್ಲೂ ಆತನದೇ ಕೈಬರಹ. ಆತ ಯಾರಿಗಾದರೂ ರಜೆ ಮಂಜೂರು ಮಾಡಿದ ಒಂದೇ ಒಂದು ಅರ್ಜಿ ಇರಲಿಲ್ಲ, ಯಾರನ್ನೂ ನೇಮಿಸಿರಲಿಲ್ಲ, ಯಾರಿಗೂ ಮೆಮೊ ಕೊಟ್ಟಿರಲಿಲ್ಲ, ಐದು ನೂರು ರೂಪಾಯಿಯ ವೋಚರಿಗೂ ಮಾಲೀಕರ ಮಗನ ಸಹಿ ಬೇಕಾಗಿತ್ತು. ಎದುರು ವಕೀಲರು ಪಾಟೀ ಸವಾಲಿನಲ್ಲಿ ಕೇಳುವ ಮೊದಲ ಪ್ರಶ್ನೆ "ಇವರು ಯಾರ ರಜೆ ಮಂಜೂರು ಮಾಡುತ್ತಿದ್ದರು?" ಎಂಬುದೇ ಆಗಿರುತ್ತದೆ, ಮತ್ತು ಅಲ್ಲಿಗೆ ಮ್ಯಾನೇಜರ್ ಎಂಬ ಪದವಿ ಕಳಚಿ ಬೀಳುತ್ತದೆ ಎಂದು ಮಾಲೀಕರಿಗೆ ತಿಳಿಸಿದೆ. ಪದನಾಮವನ್ನು ನೋಡದೆ, ವ್ಯಕ್ತಿ ಬೆಳಗಿನಿಂದ ಸಂಜೆಯವರೆಗೆ ನಿಜವಾಗಿ ಏನು ಮಾಡುತ್ತಿದ್ದರೆಂದು ನೋಡುವುದು ನ್ಯಾಯಾಲಯಗಳು ಬಹು ಕಾಲದಿಂದ ಪಾಲಿಸಿಕೊಂಡು ಬಂದ ಕ್ರಮ. ಆದ್ದರಿಂದ ಕಕ್ಷಿದಾರರ ವರ್ಣನೆಗೆ ಕಿವಿಗೊಡುವುದಕ್ಕಿಂತ ಒಂದು ವಾರದ ದಿನಚರಿಯನ್ನು ಬರೆಸಿಕೊಳ್ಳುವುದು ಲೇಸು.

ವ್ಯಕ್ತಿ ಕಾರ್ಮಿಕನೆಂದಾದರೆ, ಒಂದು ವರ್ಷದ ನಿರಂತರ ಸೇವೆಯಾಗಿದ್ದಲ್ಲಿ (ಹಳೆಯ ಕಾಯಿದೆಯ ಲೆಕ್ಕದಲ್ಲಿ ಹನ್ನೆರಡು ತಿಂಗಳಲ್ಲಿ 240 ದಿನ) ಅವನನ್ನು ಹೆಚ್ಚುವರಿಯೆಂದು ಕೈಬಿಡಲು ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳ, ಪ್ರತಿ ಸೇವಾ ವರ್ಷಕ್ಕೆ 15 ದಿನಗಳ ಸರಾಸರಿ ಸಂಬಳದ ಪರಿಹಾರ, ಸರ್ಕಾರಕ್ಕೆ ಸೂಚನೆ ಇವು ಬೇಕು. ಕಾರ್ಮಿಕನಲ್ಲವೆಂದಾದರೆ ವಿಷಯ ಒಪ್ಪಂದದ ಕಾನೂನಿಗೆ ಬರುತ್ತದೆ. ನಡುವೆ ಇನ್ನೆರಡು ಗುಂಪುಗಳಿವೆ. ಅಂಗಡಿ, ಶೋರೂಂ, ಕಚೇರಿಗಳ ನೌಕರರಿಗೆ 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯ 39ನೇ ಕಲಮು ಆರು ತಿಂಗಳ ಸೇವೆಯ ನಂತರ ರಕ್ಷಣೆ ಕೊಡುತ್ತದೆ. ವಿದ್ಯಾಸಂಸ್ಥೆಗಳಿಂದಲೇ ಹೆಸರಾದ ಈ ಊರಿನಲ್ಲಿ ಮರೆಯಲೇಬಾರದ ಎರಡನೆಯ ಗುಂಪು ಶಿಕ್ಷಕರದು. ಶಿಕ್ಷಕರು ಕೈಗಾರಿಕಾ ವಿವಾದ ಕಾಯಿದೆಯ ಕಾರ್ಮಿಕರಲ್ಲವೆಂದು ಸುಪ್ರೀಂ ಕೋರ್ಟ್ 1988ರ ಸುಂದರಾಂಬಾಳ್ ಪ್ರಕರಣದಲ್ಲಿ ಹೇಳಿತು. ಹಾಗೆಂದು ಆಡಳಿತ ಮಂಡಳಿ ಅವರನ್ನು ಇಷ್ಟ ಬಂದಂತೆ ತೆಗೆಯುವಂತಿಲ್ಲ. 1983ರ ಕರ್ನಾಟಕ ಶಿಕ್ಷಣ ಕಾಯಿದೆ ಅನ್ವಯಿಸುವ ಶಾಲೆಯಲ್ಲಿ 92ನೇ ಕಲಮಿನಂತೆ ವಿಚಾರಣೆ ನಡೆಸಲೇಬೇಕು, ಮತ್ತು ಶಿಕ್ಷಕರಿಗೆ 94ನೇ ಕಲಮಿನಡಿ ಮೂರು ತಿಂಗಳೊಳಗೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗುವ ಹಕ್ಕಿದೆ. ಕಾಲೇಜಾದರೆ 1975ರ ಖಾಸಗಿ ಶಿಕ್ಷಣ ಸಂಸ್ಥೆಗಳ ಶಿಸ್ತು ಮತ್ತು ನಿಯಂತ್ರಣ ಕಾಯಿದೆಯನ್ನು ತೆರೆದು ನೋಡಿ.

ಮೂರನೆಯ ಹೆಜ್ಜೆ: ಕಾಗದ ಮತ್ತು ದಿನಾಂಕ

ನೇಮಕಾತಿ ಆದೇಶ, ಬಡ್ತಿ ಪತ್ರಗಳು, ಹಾಜರಿ ಪುಸ್ತಕ, ಬಟವಾಡೆ ಪುಸ್ತಕ, ಭವಿಷ್ಯ ನಿಧಿಯ ದಾಖಲೆ, ಕೊಟ್ಟ ಮೆಮೊಗಳು, ಬಂದ ಉತ್ತರಗಳು, ಮೇಲ್ ಮತ್ತು ವಾಟ್ಸ್‌ಆಪ್ ಸಂದೇಶಗಳು ಇಷ್ಟನ್ನೂ ತರಿಸಿ, ಒಂದು ಹಾಳೆಯ ಎಡಕ್ಕೆ ದಿನಾಂಕ, ಬಲಕ್ಕೆ ಘಟನೆ ಬರೆಯಿರಿ. ಎಷ್ಟೋ ಪ್ರಕರಣಗಳು ಈ ಹಾಳೆಯಲ್ಲಿಯೇ ತೀರ್ಮಾನವಾಗುತ್ತವೆ. ಮಾರ್ಚ್‌ನಲ್ಲಿ "ಉತ್ತಮ ಕೆಲಸ" ಎಂದು ಸಂಬಳ ಏರಿಸಿ, ಏಪ್ರಿಲ್‌ನಲ್ಲಿ ಹೆರಿಗೆ ರಜೆಯ ಅರ್ಜಿ ಬಂದು, ಮೇನಲ್ಲಿ "ಅಸಮರ್ಥ" ಎಂದು ತೆಗೆದಿದ್ದರೆ, ಮೂರು ದಿನಾಂಕಗಳನ್ನು ಒಂದರ ಕೆಳಗೊಂದು ಬರೆದರೆ ಸಾಕು, ವಾದ ಬೇಕಾಗುವುದಿಲ್ಲ. ಹಳೆಯ ದಿನಾಂಕ ಹಾಕಿ ಮೆಮೊ ತಯಾರಿಸಿಕೊಡಲು ಕೇಳುವ ಮಾಲೀಕರು ಬಂದೇ ಬರುತ್ತಾರೆ. ಅಂಥ ಕಡತವನ್ನು ಅಲ್ಲಿಯೇ ಮುಚ್ಚಿ ವಾಪಸು ಕೊಟ್ಟುಬಿಡಿ.

ನಾಲ್ಕನೆಯ ಹೆಜ್ಜೆ: ದಾರಿ ಒಂದನ್ನೇ ಆರಿಸಿ

ತೆಗೆಯಲು ಕಾರಣ ದುರ್ನಡತೆಯೋ, ಕೆಲಸದ ಗುಣಮಟ್ಟವೋ, ಹುದ್ದೆಯೇ ಬೇಡವಾಗಿದೆಯೋ, ಅವಧಿ ಮುಗಿದಿದೆಯೋ ಎಂಬುದನ್ನು ಮಾಲೀಕರಿಂದ ಬಾಯಿಬಿಡಿಸಿ. ಸಿಟ್ಟು ದುರ್ನಡತೆಯ ಮೇಲಿದ್ದು, ಪತ್ರದಲ್ಲಿ "ಹುದ್ದೆ ರದ್ದಾಗಿದೆ" ಎಂದು ಬರೆದು, ಮರುವಾರವೇ ಅದೇ ಹುದ್ದೆಗೆ ಬೇರೊಬ್ಬರನ್ನು ಕರೆದರೆ ಯಾವ ನ್ಯಾಯಾಲಯವೂ ಆ ಪರದೆಯನ್ನು ಸರಿಸದೆ ಬಿಡುವುದಿಲ್ಲ. ಹಾಗೆಯೇ, ಇಷ್ಟು ದಿನ ಹೇಳದೆ ಗೈರಾದರೆ ಸೇವೆ ತಾನಾಗಿ ಮುಗಿಯುತ್ತದೆ ಎಂಬ ಷರತ್ತನ್ನು ನಂಬಿ ಕೂರಬೇಡಿ, ಸುಪ್ರೀಂ ಕೋರ್ಟಿನ 1993ರ ಡಿ.ಕೆ. ಯಾದವ್ ತೀರ್ಪಿನ ನಂತರ ಅದಕ್ಕೂ ಮೊದಲು ನೌಕರನ ಮಾತು ಕೇಳಲೇಬೇಕು.

ಐದನೆಯ ಹೆಜ್ಜೆ: ಆಂತರಿಕ ವಿಚಾರಣೆಯನ್ನು ಕಟ್ಟುವುದು

ದುರ್ನಡತೆಯ ದಾರಿ ಆರಿಸಿದರೆ ಮಾಲೀಕರ ಕಡೆಯ ವಕೀಲರ ನಿಜವಾದ ಪರೀಕ್ಷೆ ಇಲ್ಲಿದೆ, ಏಕೆಂದರೆ ಮುಂದೆ ಕೈಗಾರಿಕಾ ನ್ಯಾಯಮಂಡಳಿ ಓದುವುದು ಈ ವಿಚಾರಣೆಯ ಕಡತವನ್ನೇ. ಆರೋಪ ಪಟ್ಟಿಯಲ್ಲಿ "ಶಿಸ್ತು ಉಲ್ಲಂಘಿಸಿದ್ದೀರಿ" ಎಂದು ಬರೆದರೆ ಅದು ಆರೋಪವಾಗುವುದಿಲ್ಲ. ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ, ಯಾರ ಎದುರು, ಏನು ಮಾಡಿದರು, ಅದು ಸ್ಥಾಯಿ ಆದೇಶದ (ಸಂಸ್ಥೆಯ ಸೇವಾ ನಿಯಮಾವಳಿಯ) ಯಾವ ಕಲಮಿನಡಿ ತಪ್ಪು ಎಂಬುದನ್ನು ಆರೋಪಿತ ನೌಕರ ಓದಿದೊಡನೆ ಅರ್ಥವಾಗುವ ಕನ್ನಡದಲ್ಲಿ ಬರೆಯಬೇಕು. ಇಂಗ್ಲಿಷ್ ಆರೋಪ ಪಟ್ಟಿಗೆ ಹೆಬ್ಬೆಟ್ಟು ಒತ್ತಿಸಿಕೊಂಡ ಕಡತಗಳನ್ನು ನಾನು ನೋಡಿದ್ದೇನೆ. ಅವು ಮೊದಲ ದಿನವೇ ಸೋತ ಕಡತಗಳು.

ಉತ್ತರಕ್ಕೆ ಸಾಕಷ್ಟು ಕಾಲ ಕೊಟ್ಟ ಮೇಲೆ ವಿಚಾರಣಾಧಿಕಾರಿಯನ್ನು ನೇಮಿಸಿ. ದೂರು ಕೊಟ್ಟವರೂ, ಘಟನೆಗೆ ಸಾಕ್ಷಿಯಾದವರೂ, ಅವರ ಕೈಕೆಳಗಿನವರೂ ಆ ಕುರ್ಚಿಯಲ್ಲಿ ಕೂರಬಾರದು. ಆಡಳಿತದ ಸಾಕ್ಷಿಗಳ ಹೇಳಿಕೆ ಮೊದಲು, ನೌಕರನಿಂದ ಅಥವಾ ಅವನ ಸಹೋದ್ಯೋಗಿ ಪ್ರತಿನಿಧಿಯಿಂದ ಪಾಟೀ ಸವಾಲು ನಂತರ, ಆಮೇಲೆ ನೌಕರನ ಸಾಕ್ಷ್ಯ. ವಿಚಾರಣೆ ಆರೋಪಿತನನ್ನೇ ಪ್ರಶ್ನಿಸುವುದರಿಂದ ಆರಂಭವಾಗಿದ್ದರೆ ಅದನ್ನು ಅಲ್ಲಿಗೇ ನಿಲ್ಲಿಸಿ ಹೊಸದಾಗಿ ಮಾಡಿಸಿ. ಪ್ರತಿ ದಿನದ ನಡವಳಿಯ ಪ್ರತಿ ಪುಟಕ್ಕೂ ಇಬ್ಬರ ಸಹಿ ಬೇಕು. ನೌಕರ ಸಹಿ ಹಾಕಲು ನಿರಾಕರಿಸಿದರೆ ಅದನ್ನೇ ಅಲ್ಲಿ ಬರೆದು ಹಾಜರಿದ್ದವರ ಸಹಿ ಪಡೆಯಿರಿ. ವರದಿಯ ಪ್ರತಿಯನ್ನು ನೌಕರನಿಗೆ ಕೊಟ್ಟು ಅವನ ಮಾತು ಕೇಳಿದ ಮೇಲೆಯೇ ಶಿಕ್ಷೆಯ ಆದೇಶ ಹೊರಡಲಿ. 1993ರ ಕರುಣಾಕರ್ ತೀರ್ಪಿನ ನಂತರ ಈ ಮೆಟ್ಟಿಲನ್ನು ಹಾರಲು ಯಾರಿಗೂ ಅವಕಾಶವಿಲ್ಲ. ಅಮಾನತಿನಲ್ಲಿಟ್ಟಿದ್ದರೆ ಜೀವನಾಧಾರ ಭತ್ಯೆಯನ್ನು ತಪ್ಪದೆ ಕೊಡಿಸಿ. ಸಂಹಿತೆಯ ಪ್ರಕಾರ ವಿಚಾರಣೆ ಸಾಮಾನ್ಯವಾಗಿ 90 ದಿನಗಳಲ್ಲಿ ಮುಗಿಯಬೇಕು, ಆ 90 ದಿನ ಅರ್ಧ ಸಂಬಳ, ವಿಳಂಬ ನೌಕರನಿಂದಾಗಿರದಿದ್ದರೆ ಆಮೇಲೆ ಮುಕ್ಕಾಲು.

ಇಷ್ಟಾದರೂ ವಿಚಾರಣೆಯಲ್ಲಿ ದೋಷ ಉಳಿಯಬಹುದು. ಆಗ ನ್ಯಾಯಮಂಡಳಿಯ ಎದುರು ಹೊಸದಾಗಿ ಸಾಕ್ಷ್ಯ ಒದಗಿಸಿ ಆರೋಪವನ್ನು ಸಾಬೀತುಪಡಿಸಲು ಅವಕಾಶವಿದೆ, ಆದರೆ ಅದನ್ನು ಕೇಳಿಕೊಳ್ಳಬೇಕು. ಕೆಎಸ್‌ಆರ್‌ಟಿಸಿ ಮತ್ತು ಲಕ್ಷ್ಮೀದೇವಮ್ಮ ನಡುವಿನ 2001ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಆಡಳಿತ ಈ ಕೋರಿಕೆಯನ್ನು ತನ್ನ ಲಿಖಿತ ಹೇಳಿಕೆಯಲ್ಲಿಯೇ ಇಡಬೇಕೆಂದು ಹೇಳಿತು. ನನ್ನ ಕಿರಿಯರಿಗೆ ಲಿಖಿತ ಹೇಳಿಕೆಯ ಕೊನೆಯ ಪ್ಯಾರಾವನ್ನು ಮೊದಲು ಬರೆದು ತೋರಿಸಿ ಎನ್ನುತ್ತೇನೆ, ಏಕೆಂದರೆ ಈ ಒಂದು ವಾಕ್ಯ ಬಿಟ್ಟುಹೋಗುವುದು ಅಲ್ಲಿಯೇ.

ಆರನೆಯ ಹೆಜ್ಜೆ: ನೀವಿಲ್ಲದ ಕೋಣೆಗೆ ಕಕ್ಷಿದಾರರನ್ನು ಸಿದ್ಧಗೊಳಿಸುವುದು

ಕಾರ್ಮಿಕ ಇಲಾಖೆಯ ಸಂಧಾನದಲ್ಲಿ ವಕೀಲರಿಗೆ ಪ್ರವೇಶವಿಲ್ಲ. ನ್ಯಾಯಮಂಡಳಿಯ ಮುಂದೆಯೂ ಎದುರು ಪಕ್ಷದ ಒಪ್ಪಿಗೆ ಮತ್ತು ಮಂಡಳಿಯ ಅನುಮತಿ ಬೇಕು. ಈ ನಿಯಮ ಹಳೆಯ ಕಾಯಿದೆಯಲ್ಲೂ ಇತ್ತು, ಸಂಹಿತೆಯಲ್ಲೂ ಮುಂದುವರಿದಿದೆ. ಹಾಗಾಗಿ ಸಂಧಾನಾಧಿಕಾರಿಯ ಎದುರು ಮಾತನಾಡುವವರು ಮಾಲೀಕರು ಅಥವಾ ಅವರ ಸಿಬ್ಬಂದಿ ಅಧಿಕಾರಿ, ಮತ್ತು ಅವರು ಅಲ್ಲಿ ಬರೆದುಕೊಡುವ ಒಂದು ಸಾಲು ವರ್ಷಗಟ್ಟಲೆ ನಿಮ್ಮನ್ನು ಹಿಂಬಾಲಿಸುತ್ತದೆ. ಹಿಂದಿನ ಸಂಜೆ ಅವರನ್ನು ಕೂರಿಸಿಕೊಂಡು ಒಪ್ಪಬಹುದಾದ ಮೊತ್ತ, ಒಪ್ಪಬಾರದ ಷರತ್ತು, ಉತ್ತರಿಸದೆ "ಲಿಖಿತವಾಗಿ ತಿಳಿಸುತ್ತೇವೆ" ಎನ್ನಬೇಕಾದ ಪ್ರಶ್ನೆ ಇವನ್ನು ತಾಲೀಮು ಮಾಡಿಸಿ. ಇನ್ನೊಂದು ಎಚ್ಚರಿಕೆಯೂ ಅದೇ ಸಂಜೆ ಹೇಳಿ: ವಿವಾದ ಬಾಕಿಯಿರುವಾಗ ಅದಕ್ಕೆ ಸಂಬಂಧಿಸಿದ ಕಾರ್ಮಿಕರ ಸೇವಾ ಷರತ್ತು ಬದಲಿಸಲು, ಅವರನ್ನು ವಜಾ ಮಾಡಲು ಪ್ರತ್ಯೇಕ ಅನುಮತಿ ಅಥವಾ ಅನುಮೋದನೆಯ ಕಟ್ಟಳೆಗಳಿವೆ, ಅನುಮೋದನೆ ಬೇಕಾದಲ್ಲಿ ಅದನ್ನು ಪಡೆಯದ ವಜಾ ಆದೇಶ ಜಾರಿಗೆ ಬಂದೇ ಇಲ್ಲವೆಂದು 2002ರಲ್ಲಿ ಜೈಪುರದ ಸಹಕಾರಿ ಬ್ಯಾಂಕೊಂದರ ಪ್ರಕರಣದಲ್ಲಿ ತೀರ್ಮಾನವಾಗಿದೆ.

ಕಾಲಮಿತಿಯೂ ಬದಲಾಗಿದೆ. ವಜಾ ಆದ ಕಾರ್ಮಿಕನಿಗೆ ಹಿಂದೆ ಮೂರು ವರ್ಷಗಳ ಅವಧಿ ಇದ್ದದ್ದು ಸಂಹಿತೆಯಲ್ಲಿ ಎರಡಕ್ಕಿಳಿದಿದೆ.

ಏಳನೆಯ ಹೆಜ್ಜೆ: ಕುರ್ಚಿಯ ಈಚೆ ಬದಿ, ಹಿರಿಯ ಅಧಿಕಾರಿ ಬಂದಾಗ

ಹಿರಿಯ ಅಧಿಕಾರಿಗೆ ಮೊದಲು ಹೇಳಬೇಕಾದದ್ದು ಕಹಿ ಮಾತು: ಅವರಿಗೆ ಕೆಲಸ ಮರಳಿ ಸಿಗುವುದಿಲ್ಲ. ವೈಯಕ್ತಿಕ ಸೇವೆಯ ಒಪ್ಪಂದವನ್ನು ನ್ಯಾಯಾಲಯ ಬಲವಂತವಾಗಿ ಜಾರಿಮಾಡಿಸುವುದಿಲ್ಲ. ಸಿಗುವುದು ನಷ್ಟ ಪರಿಹಾರ, ಅದೂ ಅವಧಿ ನಿಗದಿಯಾಗಿರದ ಒಪ್ಪಂದದಲ್ಲಿ ಹೆಚ್ಚಾಗಿ ನೋಟಿಸ್ ಅವಧಿಯ ಸಂಬಳಕ್ಕೆ ಸೀಮಿತ. ಆದ್ದರಿಂದ ಅಧಿಕಾರಿಯ ಬಲ ಇರುವುದೆಲ್ಲ ಒಪ್ಪಂದಕ್ಕೆ ಸಹಿ ಹಾಕುವ ದಿನ. ನೋಟಿಸ್ ಅವಧಿ ಎಷ್ಟು, ಬೋನಸ್ ಯಾವ ದಿನದಂದು ಹುದ್ದೆಯಲ್ಲಿದ್ದರೆ ಸಿಗುತ್ತದೆ, "ಕಾರಣ ಸಹಿತ" ತೆಗೆಯುವುದೆಂದರೆ ಏನು ಎಂಬ ವ್ಯಾಖ್ಯೆ ಎಷ್ಟು ಅಗಲವಾಗಿದೆ, ಷೇರುಗಳ ಆಯ್ಕೆ ಬಿಟ್ಟು ಹೋಗುವಾಗ ಏನಾಗುತ್ತದೆ ಎಂಬ ನಾಲ್ಕನ್ನು ಆ ದಿನವೇ ಓದಿಸಬೇಕು.

ಅವರು ಕೇಳುವ ಮುಂದಿನ ಪ್ರಶ್ನೆ ಯಾವಾಗಲೂ ಒಂದೇ: ಎರಡು ವರ್ಷ ಎದುರಾಳಿ ಕಂಪನಿ ಸೇರಬಾರದೆಂದು ಬರೆಸಿಕೊಂಡಿದ್ದಾರೆ, ಸೇರಬಹುದೇ? 1872ರ ಕರಾರು ಕಾಯಿದೆಯ 27ನೇ ಕಲಮು ವೃತ್ತಿಗೆ ಅಡ್ಡಿಯಾಗುವ ಕರಾರನ್ನು ಶೂನ್ಯವೆನ್ನುತ್ತದೆ. ಸೇವೆಯಲ್ಲಿರುವ ಅವಧಿಗೆ ಹಾಕಿದ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 1967ರ ಗೋಲಿಕೇರಿ ಪ್ರಕರಣದಲ್ಲಿ ಎತ್ತಿಹಿಡಿಯಿತು. ಸೇವೆ ಬಿಟ್ಟ ನಂತರದ ನಿರ್ಬಂಧ ನಿಲ್ಲುವುದಿಲ್ಲ. ಆದರೆ ದರಪಟ್ಟಿ, ತಯಾರಿಕೆಯ ಗುಟ್ಟುಗಳನ್ನು ಒಯ್ಯುವುದು ಬೇರೆ ಮಾತು. ಅದಕ್ಕೆ ತಡೆಯಾಜ್ಞೆ ಬರುತ್ತದೆ. ಹೊರಡುವ ವಾರ ತಮ್ಮ ಮೇಲ್‌ಗೆ ಕಡತಗಳನ್ನು ಕಳಿಸಿಕೊಂಡ ಅಧಿಕಾರಿಯನ್ನು ಯಾವ 27ನೇ ಕಲಮೂ ಕಾಪಾಡದು. ಬಾಂಡಿನ ಮಾತೂ ಪ್ರತ್ಯೇಕ: ಮೂರು ವರ್ಷದೊಳಗೆ ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕೆಂಬ ವಿಜಯಾ ಬ್ಯಾಂಕಿನ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇನಲ್ಲಿ ಊರ್ಜಿತವೆಂದಿತು.

ಕಂಪನಿಯ ವ್ಯವಸ್ಥಾಪಕ ಅಥವಾ ಪೂರ್ಣಾವಧಿ ನಿರ್ದೇಶಕರಾದರೆ ಅವರ ತಲೆಯ ಮೇಲೆ ಎರಡು ಟೋಪಿಗಳಿವೆ: ನೌಕರನದೊಂದು, ನಿರ್ದೇಶಕನದೊಂದು. ಒಂದಕ್ಕೆ ಕೊಟ್ಟ ರಾಜೀನಾಮೆ ಇನ್ನೊಂದನ್ನು ತಾನಾಗಿ ಕಳಚುವುದಿಲ್ಲ. ಹುದ್ದೆ ತಪ್ಪಿದ್ದಕ್ಕೆ ಅವರಿಗೆ ಕೊಡಬಹುದಾದ ಪರಿಹಾರಕ್ಕೆ 2013ರ ಕಂಪನಿ ಕಾಯಿದೆಯ 202ನೇ ಕಲಮು ಮಿತಿ ಹಾಕಿದೆ: ಉಳಿದ ಅವಧಿಯ ಸಂಬಳ ಅಥವಾ ಮೂರು ವರ್ಷದ ಸಂಬಳ, ಎರಡರಲ್ಲಿ ಕಡಿಮೆಯದು.

ಲೈಂಗಿಕ ಕಿರುಕುಳದ ದೂರು ಇದ್ದರೆ

ಹತ್ತು ಅಥವಾ ಹೆಚ್ಚು ನೌಕರರಿರುವಲ್ಲಿ ಆಂತರಿಕ ಸಮಿತಿ ಇರಲೇಬೇಕು. ಮೂರು ತಿಂಗಳೊಳಗೆ ದೂರು, 90 ದಿನಗಳಲ್ಲಿ ವಿಚಾರಣೆ, ವರದಿ ಬಂದ 60 ದಿನಗಳಲ್ಲಿ ಮಾಲೀಕರ ಕ್ರಮ. ದೂರು ಮಾಲೀಕರ ಮೇಲೆಯೇ ಆಗಿದ್ದರೆ ಅದು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ, ಮತ್ತು ಆ ಕ್ಷಣದಿಂದ ಕಂಪನಿಯ ವಕೀಲರಾದ ನೀವು ಮಾಲೀಕರ ಸ್ವಂತ ವಕೀಲರಲ್ಲ. ಮೊದಲ ಹೆಜ್ಜೆಯ ಪತ್ರವನ್ನು ತೆಗೆದು ಮತ್ತೊಮ್ಮೆ ಓದಿ.

ಕೊನೆಯ ಹೆಜ್ಜೆ: ಲೆಕ್ಕ ಮತ್ತು ಬಿಡುಗಡೆ

ವೇತನ ಸಂಹಿತೆಯ ಪ್ರಕಾರ ತೆಗೆದರೂ, ಬಿಟ್ಟರೂ ಬಾಕಿ ವೇತನ ಎರಡು ಕೆಲಸದ ದಿನಗಳಲ್ಲಿ ಕೈಸೇರಬೇಕು, ಮತ್ತು ಆ ಸಂಹಿತೆಯ "ನೌಕರ" ಎಂಬ ಮಾತಿನೊಳಗೆ ಮ್ಯಾನೇಜರರೂ ಬರುತ್ತಾರೆ. ಗ್ರಾಚ್ಯುಟಿಗೆ 30 ದಿನಗಳ ಗಡುವು. ಅದರ ಲೆಕ್ಕವನ್ನು ಕಕ್ಷಿದಾರರ ಎದುರೇ ಮಾಡಿ ತೋರಿಸಿ. ತಿಂಗಳಿಗೆ ಒಂದು ಲಕ್ಷ ಪಡೆಯುವ ಅಧಿಕಾರಿಗೆ ಮೂಲ ವೇತನ 30,000, ಉಳಿದ 70,000 ಮನೆ ಬಾಡಿಗೆ, ಪ್ರಯಾಣ ಮೊದಲಾದ ಭತ್ಯೆಗಳು ಎಂದಿಟ್ಟುಕೊಳ್ಳಿ. ವೇತನದ ಹೊಸ ವ್ಯಾಖ್ಯೆಯಂತೆ ಇಂಥ ಭತ್ಯೆಗಳು ಒಟ್ಟು ಮೊತ್ತದ ಅರ್ಧ ಮೀರಿದರೆ, ಮೀರಿದ ಭಾಗ ವೇತನಕ್ಕೆ ಸೇರುತ್ತದೆ. ಇಲ್ಲಿ 20,000 ಸೇರಿ ವೇತನ 50,000 ಆಗುತ್ತದೆ. ಅದನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ 12 ವರ್ಷದ ಸೇವೆಗೆ ಲೆಕ್ಕ ಹಾಕಿದರೆ ಸುಮಾರು 3,46,154 ರೂಪಾಯಿ. ಬರೀ ಮೂಲ ವೇತನದ ಮೇಲೆ ಹಾಕಿದ್ದರೆ 2,07,692. ಮೂಲ ವೇತನವನ್ನು ಸಣ್ಣದಾಗಿಟ್ಟು ಜಾಣತನ ಮಾಡಿದೆವೆಂದುಕೊಂಡಿದ್ದ ಮಾಲೀಕರಿಗೆ ಈ ಎರಡು ಅಂಕಿಗಳೇ ಸಾಕಷ್ಟು ಹೇಳುತ್ತವೆ.

ರಾಜಿ ಪತ್ರದಲ್ಲಿ ಮೊತ್ತ, ತೆರಿಗೆ ಕಡಿತ ಯಾರ ಲೆಕ್ಕಕ್ಕೆ, ಸೇವಾ ಪ್ರಮಾಣ ಪತ್ರದ ಒಕ್ಕಣೆ, ಹಿಂಪಡೆಯಬೇಕಾದ ದೂರುಗಳು ಇಷ್ಟನ್ನೂ ಒಂದೊಂದಾಗಿ ಬರೆಯಿರಿ. ಅಧಿಕಾರಿಯ ಪರವಾಗಿದ್ದರೆ ಹಣ ಬಂದ ಮೇಲೂ ಕಡತ ಮುಚ್ಚಬೇಡಿ. ಕಾರ್ಖಾನೆಯ ಪರವಾನಗಿಯಲ್ಲಿ ಮ್ಯಾನೇಜರ್ ಎಂದು ಅವರ ಹೆಸರು ಉಳಿದಿದ್ದರೆ, ಬಿಟ್ಟು ಹೋದ ಆರು ತಿಂಗಳ ನಂತರ ಬಾಯ್ಲರ್ ಬಳಿ ನಡೆದ ಅಪಘಾತಕ್ಕೆ ನೋಟಿಸ್ ಅವರ ಮನೆ ಬಾಗಿಲಿಗೆ ಬರುತ್ತದೆ. ಬ್ಯಾಂಕಿನಲ್ಲಿ ಸಹಿ ಅಧಿಕಾರ ರದ್ದಾದ ಪತ್ರ, ಕಂಪನಿ ನೋಂದಣಿ ಕಚೇರಿಯಲ್ಲಿ ನಿರ್ದೇಶಕತ್ವ ಮುಗಿದ ದಾಖಲೆ, ಕಾರ್ಖಾನೆಗಳ ಇಲಾಖೆಗೆ ಮ್ಯಾನೇಜರ್ ಬದಲಾದ ಸೂಚನೆಯ ಸ್ವೀಕೃತಿ, ಈ ಮೂರು ಕಾಗದಗಳ ಪ್ರತಿ ಅವರ ಕೈಗೆ ಬಂದ ದಿನ ಕಡತಕ್ಕೆ ದಾರ ಕಟ್ಟಿ.